ಸಂದರ್ಶನದ ಮೊದಲ ಎರಡು ನಿಮಿಷ: ಗಡಿಯ ಹುಡುಗರು ಎಡವುವುದು ಎಲ್ಲಿ?

ಹೊಸೂರು: ಬೆಳಗ್ಗೆ ಏಳೂವರೆ, ಎಂಟು ಗಂಟೆಯ ಹೊತ್ತಿಗೆ ಹೊಸೂರು ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಕೈಯಲ್ಲಿ ಪ್ಲಾಸ್ಟಿಕ್ ಫೈಲ್ ಹಿಡಿದ ಹುಡುಗ ಹುಡುಗಿಯರು ಕಣ್ಣಿಗೆ ಬೀಳುತ್ತಾರೆ. ತಳಿ, ಡೆಂಕಣಿಕೋಟೆ, ಕೆಳಮಂಗಲ, ಬಾಗಲೂರು, ಬೇರಿಕೆ ಕಡೆಯ ಬಸ್ಸುಗಳಿಂದ ಇಳಿದು ಕೆಲವರು ಸಿಪ್‌ಕಾಟ್ ಕಡೆಗೆ ಹೋಗುತ್ತಾರೆ, ಕೆಲವರು ಅತ್ತಿಬೆಲೆ ದಾಟಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಬಸ್ ಹತ್ತುತ್ತಾರೆ. ಹೊಸ ಶರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ಮುಖದಲ್ಲಿ ಸಣ್ಣ ಗಾಬರಿ. ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿಲ್ಲ. ಇಂಟರ್‌ವ್ಯೂ.

ಸಂಜೆ ಮನೆಗೆ ಬಂದ ಮೇಲೆ "ಏನಾಯ್ತಪ್ಪಾ?" ಎಂದು ಅಮ್ಮ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಇಂಗ್ಲಿಷ್ ಕೇಳಿದ್ರಮ್ಮ, ಬರ್ಲಿಲ್ಲ." ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಐಟಿಐ, ಡಿಪ್ಲೊಮಾ, ಹನ್ನೆರಡನೇ ತರಗತಿ ಪಾಸಾದವರನ್ನು ತೆಗೆದುಕೊಳ್ಳುವ ಕೆಲಸಗಳಲ್ಲಿ ಇಂಗ್ಲಿಷಿಗಿಂತ ಮೊದಲೇ ಬೇರೊಂದು ಕಡೆ ಸೋಲು ಆಗಿರುತ್ತದೆ. ಗಡಿನಾಡಿನ ಅಭ್ಯರ್ಥಿಯ ಕಾಗದಪತ್ರ, ಹೆಸರು, ಊರು, ಓದಿದ ಮಾಧ್ಯಮ ಎಲ್ಲವೂ ಎದುರು ಕುಳಿತವರಿಗೆ ಸ್ವಲ್ಪ ಗೋಜಲಾಗಿ ಕಾಣುತ್ತವೆ. ಆ ಗೋಜಲು ಬಿಡಿಸುವುದರಲ್ಲೇ ಮೊದಲ ಎರಡು ಮೂರು ನಿಮಿಷ ಕಳೆದುಹೋಗುತ್ತದೆ. ಹುಡುಗನ ಕೈಯಲ್ಲಿ ಇರುವ ಕೆಲಸದ ವಿಚಾರಕ್ಕೆ ಬರುವಷ್ಟರಲ್ಲಿ "ಆಯ್ತು, ಹೇಳಿ ಕಳಿಸ್ತೀವಿ" ಎನ್ನುವ ಮಾತು ಬಂದಿರುತ್ತದೆ.

ಸಂದರ್ಶನ ಎಂಬುದು ಈಗ ಹೆಚ್ಚಾಗಿ ಖಾಸಗಿ ಕಂಪನಿಗಳ ವಿಷಯ. ಕೇಂದ್ರ ಸರಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಲಾಗಿದೆ. ಅಲ್ಲಿ ಪರೀಕ್ಷೆಯ ಅಂಕವೇ ಎಲ್ಲ. ಹೊಸೂರಿನ ಕಾರ್ಖಾನೆಗಳಲ್ಲಿ ಹಾಗಿಲ್ಲ. ಟೈಟನ್ ಕೈಗಡಿಯಾರ, ಟಿವಿಎಸ್ ಬೈಕು, ಅಶೋಕ್ ಲೇಲ್ಯಾಂಡ್ ಲಾರಿಗಳಂಥ ದೊಡ್ಡ ಕಾರ್ಖಾನೆಗಳಿರುವ ಈ ಊರಿನಲ್ಲಿ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ಘಟಕಗಳೂ ಬೇಕಾದಷ್ಟಿವೆ. ಸಣ್ಣ ಘಟಕಗಳಲ್ಲಂತೂ ಹೆಚ್ಚಾಗಿ ಲಿಖಿತ ಪರೀಕ್ಷೆಯೇ ಇರುವುದಿಲ್ಲ. ಎದುರಿಗೆ ಕೂರಿಸಿ ಹತ್ತು ನಿಮಿಷ ಮಾತನಾಡಿಸಿ ತೀರ್ಮಾನ ಮಾಡುತ್ತಾರೆ.

ಎಷ್ಟು ಬೇಗ ತೀರ್ಮಾನ?

ಮೊದಲ ನೋಟದಲ್ಲೇ ಎಲ್ಲ ಮುಗಿದುಹೋಗುತ್ತದೆ ಎಂದು ಹೇಳುವವರು ಬಹಳ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇದಕ್ಕೆ ಆಧಾರ ಕೊಡುತ್ತಾರೆ. ಅಪರಿಚಿತರ ಮುಖದ ಫೋಟೋವನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರೂ ಜನ "ಈತ ನಂಬಿಕಸ್ಥ, ಈತ ಅಲ್ಲ" ಎಂದು ಅಭಿಪ್ರಾಯ ಕಟ್ಟಿಕೊಂಡುಬಿಟ್ಟಿದ್ದರು. ಹೆಚ್ಚು ಹೊತ್ತು ತೋರಿಸಿದಾಗ ಅಭಿಪ್ರಾಯ ಅಷ್ಟೇನೂ ಬದಲಾಗಲಿಲ್ಲ, ತಾವು ಹೇಳಿದ್ದೇ ಸರಿ ಎಂಬ ಧೈರ್ಯ ಮಾತ್ರ ಹೆಚ್ಚಾಯಿತು.

ಅದು ಫೋಟೋ ನೋಡಿ ಹೇಳಿದ್ದು. ನಿಜವಾದ ಸಂದರ್ಶನಗಳನ್ನೇ ಹಿಡಿದು ಮಾಡಿದ ಇನ್ನೊಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. 600ಕ್ಕೂ ಹೆಚ್ಚು ಸಂದರ್ಶನಗಳ ಬಗ್ಗೆ, ಯಾವ ಹೊತ್ತಿಗೆ ಮನಸ್ಸಿನಲ್ಲಿ ತೀರ್ಮಾನ ಆಯಿತು ಎಂದು ಸಂದರ್ಶಕರನ್ನೇ ಕೇಳಲಾಯಿತು. ಮೊದಲ ನಿಮಿಷದಲ್ಲೇ ತೀರ್ಮಾನವಾದದ್ದು ನೂರಕ್ಕೆ ಸುಮಾರು 5. ಐದು ನಿಮಿಷದೊಳಗೆ ಎಂದರೆ ನೂರಕ್ಕೆ ಸುಮಾರು 30. ಅಂದರೆ ಬಾಗಿಲು ತೆರೆದ ಕೂಡಲೇ ಹಣೆಬರಹ ಬರೆದಾಯಿತು ಎಂದು ಹೆದರಬೇಕಾಗಿಲ್ಲ. ಆದರೆ ಮೂರರಲ್ಲಿ ಒಂದಕ್ಕೆ ಹತ್ತಿರದಷ್ಟು ತೀರ್ಮಾನಗಳು ಐದು ನಿಮಿಷದಲ್ಲಿ ಆಗಿಬಿಡುತ್ತವೆ ಎನ್ನುವುದೂ ಸಣ್ಣ ಮಾತಲ್ಲ. ಅದರಲ್ಲಿ ಎರಡು ಮೂರು ನಿಮಿಷ ಹೆಸರಿನ ಸ್ಪೆಲ್ಲಿಂಗಿಗೇ ಹೋದರೆ ಉಳಿಯುವುದೇನು?

ಹೆಸರಿನಲ್ಲೇ ಮೊದಲ ಎಡವಟ್ಟು

ಉದಾಹರಣೆಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ತಳಿ ಕಡೆಯವನು, ಹೆಸರು ಗಂಗಾಧರ, ಅಪ್ಪ ಮುನಿಯಪ್ಪ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಐಟಿಐ ಫಿಟ್ಟರ್. ಇಂಥ ಹುಡುಗರು ಗಡಿಯ ಪ್ರತಿಯೊಂದು ಹಳ್ಳಿಯಲ್ಲೂ ಇದ್ದಾರೆ.

ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತ, ಥ, ದ, ಧಗಳಿಗೆ ಒಂದು, ಪ, ಫ, ಬ, ಭಗಳಿಗೆ ಒಂದು. ತಮಿಳಿನಲ್ಲಿ ಬರೆದ ಹೆಸರನ್ನು ಯಾರೋ ಗುಮಾಸ್ತರು ಇಂಗ್ಲಿಷಿಗೆ ಇಳಿಸಿದಾಗ ಗಂಗಾಧರ ಹೋಗಿ 'ಕಂಗಾತರನ್' ಆಗುತ್ತಾನೆ. ಭಾಗ್ಯ 'ಪಾಕ್ಯಾ' ಆಗುತ್ತಾಳೆ, ಬಸವರಾಜ 'ಪಸವರಾಜ್' ಆಗುತ್ತಾನೆ. ಶಾಲೆಯ ದಾಖಲೆಯಲ್ಲಿ ಒಂದು ತರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ತರ, ಆಧಾರ್‌ನಲ್ಲಿ ಮತ್ತೊಂದು ತರ.

ಇದರ ಜೊತೆಗೆ ಇನಿಶಿಯಲ್. ತಮಿಳುನಾಡಿನ ಪದ್ಧತಿಯಂತೆ ಮಾರ್ಕ್ಸ್‌ಕಾರ್ಡಿನಲ್ಲಿ 'ಎಂ. ಗಂಗಾಧರ' ಎಂದಿರುತ್ತದೆ. ಪಾನ್ ಕಾರ್ಡಿನ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಬರಿಯ ಇನಿಶಿಯಲ್ ಒಪ್ಪುವುದಿಲ್ಲವಾದ್ದರಿಂದ ಅಲ್ಲಿ 'ಗಂಗಾಧರ ಮುನಿಯಪ್ಪ' ಎಂದು ಬರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಉತ್ತರ ಭಾರತದ ಎಚ್‌ಆರ್ ಅಧಿಕಾರಿಗೆ ಇವು ಇಬ್ಬರು ಬೇರೆ ಬೇರೆ ಮನುಷ್ಯರ ಕಾಗದಗಳಂತೆ ಕಾಣುತ್ತವೆ. ಅವರ ತಪ್ಪೂ ಇಲ್ಲ. ಕೆಲಸಕ್ಕೆ ತೆಗೆದುಕೊಂಡ ಮೇಲೆ ಪಿಎಫ್ ಖಾತೆ ಆಧಾರ್‌ಗೆ ಜೋಡಣೆಯಾಗಬೇಕು, ಬ್ಯಾಂಕ್ ಖಾತೆಯ ಹೆಸರು ಹೊಂದಬೇಕು. ಹೊಂದದಿದ್ದರೆ ಆ ತಲೆನೋವು ಅವರದೇ.

ಊರಿನ ವಿಷಯವೂ ಹೀಗೆಯೇ. ಹೊಸೂರು ತಾಲೂಕು ಮೊದಲು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿಗೆ ಹೋಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಒಂದೇ ಮನೆಯಲ್ಲಿ ಅಜ್ಜನ ಕಾಗದದಲ್ಲಿ ಸೇಲಂ, ಅಪ್ಪನದರಲ್ಲಿ ಧರ್ಮಪುರಿ, ಮಗನದರಲ್ಲಿ ಕೃಷ್ಣಗಿರಿ. ಯಾರೂ ಮನೆ ಬದಲಿಸಿಲ್ಲ!

ಇದಕ್ಕೆ ಪರಿಹಾರ ಸಂದರ್ಶನದ ಕೋಣೆಯಲ್ಲಿ ಇಲ್ಲ, ಅದಕ್ಕೆ ಮೊದಲೇ ಮಾಡಿಕೊಳ್ಳಬೇಕು. ಹತ್ತನೇ ತರಗತಿಯ ಪ್ರಮಾಣಪತ್ರದ ಹೆಸರನ್ನೇ ಮೂಲವಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಹೊಂದಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಿದ್ದಲು ಬಲು ಕಷ್ಟವಾದದ್ದು ಅದೇ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಆದ್ದರಿಂದ ಇ-ಸೇವಾ ಕೇಂದ್ರದಲ್ಲಿ ಅವಸರದಲ್ಲಿ ಒಂದು ಸಲ ಹಾಳು ಮಾಡಿಕೊಳ್ಳಬಾರದು. ಹತ್ತನೇ ತರಗತಿಯ ಕಾಗದದಲ್ಲೇ ದೊಡ್ಡ ತಪ್ಪಿದ್ದರೆ ತಮಿಳುನಾಡು ಸರಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಪ್ರಕಟಿಸಿಕೊಳ್ಳುವ ದಾರಿ ಇದೆ. ಸಣ್ಣ ವ್ಯತ್ಯಾಸವಾದರೆ "ಈ ಎರಡೂ ಹೆಸರು ಒಬ್ಬನದೇ" ಎಂದು ನೋಟರಿಯಿಂದ ಮಾಡಿಸಿದ ಅಫಿಡವಿಟ್ಟನ್ನು ಅನೇಕ ಕಡೆ ಒಪ್ಪುತ್ತಾರೆ.

ಅಫಿಡವಿಟ್ ಇದ್ದರೆ ಸಾಲದು, ಅದನ್ನು ಯಾವಾಗ ತೆಗೆಯಬೇಕು ಎನ್ನುವುದೂ ಮುಖ್ಯ. ಎದುರಿನವರು ಎರಡು ಕಾಗದ ಹೋಲಿಸಿ ನೋಡಿ, ಹುಬ್ಬು ಗಂಟಿಕ್ಕಿ, "ಇದೇನಿದು?" ಎಂದ ಮೇಲೆ ಫೈಲ್ ತಡಕಾಡಿದರೆ ಏನೋ ಮುಚ್ಚಿಟ್ಟವನಂತೆ ಕಾಣುತ್ತದೆ. ಫೈಲ್ ಕೊಡುವಾಗಲೇ "ಸಾರ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಮಾರ್ಕ್ಸ್‌ಕಾರ್ಡಲ್ಲಿ ಇನಿಶಿಯಲ್ ಇದೆ, ಅಫಿಡವಿಟ್ ಮೇಲೇ ಇಟ್ಟಿದ್ದೀನಿ" ಎಂದು ಒಂದು ವಾಕ್ಯ ಹೇಳಿದರೆ ಹತ್ತು ಸೆಕೆಂಡಿನಲ್ಲಿ ವಿಷಯ ಮುಗಿಯುತ್ತದೆ. ಕಾಗದ ಸರಿಯಿಲ್ಲದವನು ಎನ್ನಿಸಿಕೊಳ್ಳಬೇಕಾದ ಹುಡುಗ ಕಾಗದ ಅಚ್ಚುಕಟ್ಟಾಗಿ ಇಟ್ಟುಕೊಂಡವನು ಎನ್ನಿಸಿಕೊಳ್ಳುತ್ತಾನೆ.

'ಎರಡು ವರ್ಷ ಏನು ಮಾಡ್ತಿದ್ದೆ?'

ಕೂತ ಮೇಲೆ ಬರುವ ಮೊದಲ ಪ್ರಶ್ನೆ ಬಹುತೇಕ ಎಲ್ಲ ಕಡೆಯೂ ಒಂದೇ, "ನಿನ್ನ ಬಗ್ಗೆ ಹೇಳಪ್ಪ." ಇದಕ್ಕೆ ಕೋಚಿಂಗ್ ಸೆಂಟರಿನವರು ಬರೆದುಕೊಟ್ಟ ಇಂಗ್ಲಿಷ್ ಪಾಠವನ್ನು ಉರುಹೊಡೆದು ಬಂದವರು ಬಹಳ. "ಮೈಸೆಲ್ಫ್ ಗಂಗಾಧರ" ಎಂದು ಶುರುವಾಗಿ, ಅಪ್ಪ ಅಮ್ಮನ ಹೆಸರು, ಒಡಹುಟ್ಟಿದವರ ಸಂಖ್ಯೆ, ಹವ್ಯಾಸ ಕ್ರಿಕೆಟ್, ಶಕ್ತಿ ಕಠಿಣ ಪರಿಶ್ರಮ, ದೌರ್ಬಲ್ಯ ಎಲ್ಲರನ್ನೂ ನಂಬುವುದು ಎಂದು ಮುಗಿಯುತ್ತದೆ. ಒಂದೇ ಸೆಂಟರಿನಿಂದ ಬಂದ ಹತ್ತು ಜನ ಇದೇ ಪಾಠ ಒಪ್ಪಿಸುತ್ತಾರೆ. ಐದನೆಯವನ ಹೊತ್ತಿಗೆ ಕೇಳುವವರು ಕಿಟಕಿ ನೋಡುತ್ತಿರುತ್ತಾರೆ. ಮಧ್ಯದಲ್ಲಿ ಒಂದು ಪದ ಮರೆತರಂತೂ ಮುಗಿಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಈ ಪ್ರಶ್ನೆಯ ನಿಜವಾದ ಅರ್ಥ "ಈ ಕೆಲಸಕ್ಕೆ ನೀನು ಹೇಗೆ ಆಗುತ್ತೀಯ, ಒಂದು ನಿಮಿಷದಲ್ಲಿ ಹೇಳು" ಎಂದು. ಒಡಹುಟ್ಟಿದವರ ಲೆಕ್ಕ ಅವರಿಗೆ ಬೇಕಾಗಿಲ್ಲ.

ಗಡಿಯ ಹಳ್ಳಿಯ ಹುಡುಗರು ಹೆಚ್ಚಾಗಿ ಮುಚ್ಚಿಡುವುದು ಎರಡು ವಿಷಯ. ಒಂದು, ಓದು ಮುಗಿಸಿ ಕೆಲಸಕ್ಕೆ ಬರುವ ನಡುವೆ ಇರುವ ಖಾಲಿ ವರ್ಷಗಳು. "ಎರಡು ವರ್ಷ ಏನು ಮಾಡ್ತಿದ್ದೆ?" ಎಂದು ಕೇಳಿದರೆ ತಲೆ ತಗ್ಗಿಸಿ "ಸುಮ್ನೆ ಮನೇಲಿದ್ದೆ ಸಾರ್" ಎಂದುಬಿಡುತ್ತಾರೆ. ನಿಜ ಸಂಗತಿ ಏನೆಂದರೆ ಆ ಎರಡು ವರ್ಷ ಅವನು ಸುಮ್ಮನೆ ಇರಲೇ ಇಲ್ಲ. ಬಾಗಲೂರು, ಬೇರಿಕೆ ಕಡೆ ಗುಲಾಬಿ ಬೆಳೆಯುವ ಪಾಲಿಹೌಸುಗಳಿವೆ. ಅಲ್ಲಿ ಹನಿ ನೀರಾವರಿ ಪೈಪು ಜೋಡಿಸಿರುತ್ತಾನೆ, ಫಿಲ್ಟರ್ ಬಿಚ್ಚಿ ತೊಳೆದಿರುತ್ತಾನೆ, ರಾತ್ರಿ ಎರಡು ಗಂಟೆಗೆ ಮೂರು ಫೇಸ್ ಕರೆಂಟ್ ಬಂದಾಗ ಎದ್ದು ಹೋಗಿ ಮೋಟಾರ್ ಹಾಕಿರುತ್ತಾನೆ. ಒಂದು ಫೇಸ್ ಹೋದಾಗ ಮೋಟಾರ್ ಗುಂಯ್ ಎನ್ನುವುದನ್ನು ಕೇಳಿ ಸುಡುವ ಮೊದಲೇ ಆರಿಸಿರುತ್ತಾನೆ. ಹೂವಿನ ಬಂಚಿಗೆ ಇಷ್ಟೇ ಹೂವು, ಕಡ್ಡಿ ಇಷ್ಟೇ ಉದ್ದ ಎಂದು ಗ್ರೇಡಿಂಗ್ ಮಾಡಿರುತ್ತಾನೆ.

ಇದೆಲ್ಲ ಫಿಟ್ಟರ್ ಕೆಲಸಕ್ಕೂ ಮೆಂಟೆನೆನ್ಸ್ ಕೆಲಸಕ್ಕೂ ನೇರ ಸಂಬಂಧವಿರುವ ಅನುಭವ. ಅಳತೆ ನೋಡಿ ವಿಂಗಡಿಸುವುದಕ್ಕೆ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಎನ್ನುತ್ತಾರೆ ಅಷ್ಟೇ. ಆದರೆ ಮನೆಯ ತೋಟದಲ್ಲಿ, ಮಾವನ ತೋಟದಲ್ಲಿ ಮಾಡಿದ್ದು ಕೆಲಸವಲ್ಲ, ಸಂಬಳದ ಚೀಟಿ ಇದ್ದರೆ ಮಾತ್ರ ಕೆಲಸ ಎಂದು ನಮ್ಮ ಹುಡುಗರು ನಂಬಿಕೊಂಡಿದ್ದಾರೆ. ಈ ನಂಬಿಕೆ ಕಳೆಯುವಷ್ಟು ಅವರಿಗೆ ಬೇಕಾದದ್ದು ಬೇರೆ ಯಾವ ಕೋಚಿಂಗೂ ಅಲ್ಲ.

ಗಂಗಾಧರ ಹೀಗೆ ಹೇಳಬಹುದು: "ನಾನು ಗಂಗಾಧರ ಸಾರ್, ತಳಿ ಪಕ್ಕದ ಹಳ್ಳಿ. ಐಟಿಐ ಫಿಟ್ಟರ್ ಮುಗಿಸಿದ್ದೀನಿ. ಅಪ್ಪನಿಗೆ ಹುಷಾರಿರಲಿಲ್ಲ, ಎರಡು ವರ್ಷ ತೋಟ ನೋಡಿಕೊಂಡೆ. ಡ್ರಿಪ್ಪು, ಮೋಟಾರು ರಿಪೇರಿ ನಾನೇ ಮಾಡ್ತಿದ್ದೆ. ಈಗ ಅಪ್ಪ ಪರವಾಗಿಲ್ಲ, ಶಿಫ್ಟಿಗೆ ಬರೋಕೆ ತೊಂದರೆ ಇಲ್ಲ. ತಮಿಳು, ಕನ್ನಡ, ತೆಲುಗು ಮಾತಾಡ್ತೀನಿ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಮಾತಾಡೋದು ಕಡಿಮೆ." ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಕೇಳುವವರ ಮನಸ್ಸಿನಲ್ಲಿ ಏಳುವ ನಾಲ್ಕೈದು ಅನುಮಾನಕ್ಕೆ ಅವರು ಕೇಳುವ ಮೊದಲೇ ಉತ್ತರ ಸಿಕ್ಕಿರುತ್ತದೆ. ಮುಂದಿನ ಪ್ರಶ್ನೆ ಮೋಟಾರಿನ ಬಗ್ಗೆಯೇ ಬರುವ ಸಂಭವ ಹೆಚ್ಚು, ಅದು ಅವನಿಗೆ ಗೊತ್ತಿರುವ ವಿಷಯ.

ಸುಳ್ಳು ಮಾತ್ರ ಸೇರಿಸಬಾರದು. ಮಾಡದ ವೆಲ್ಡಿಂಗನ್ನು ಮಾಡಿದ್ದೇನೆ ಎಂದರೆ ಶಾಪ್‌ಫ್ಲೋರಿಗೆ ಕರೆದುಕೊಂಡು ಹೋಗಿ ಟಾರ್ಚ್ ಕೈಗೆ ಕೊಡುತ್ತಾರೆ.

ಯಾವ ಭಾಷೆಯಲ್ಲಿ ಮಾತು?

ಮುಚ್ಚಿಡುವ ಎರಡನೆಯ ವಿಷಯ ಕನ್ನಡ ಮಾಧ್ಯಮ. ತಮಿಳುನಾಡಿನ ಕಂಪನಿಯಲ್ಲಿ "ಕನ್ನಡದಲ್ಲಿ ಓದಿದವನು" ಎಂದರೆ ಬೇಡ ಎನ್ನುತ್ತಾರೇನೋ, ಬೆಂಗಳೂರಿನಲ್ಲಿ "ತಮಿಳುನಾಡಿನವನು" ಎಂದರೆ ಬೇಡ ಎನ್ನುತ್ತಾರೇನೋ ಎಂಬ ಎರಡೂ ಕಡೆಯ ಅಳುಕು. ಈ ಅಳುಕಿಗೆ ಕಾರಣ ಇಲ್ಲದಿಲ್ಲ. ಕರ್ನಾಟಕದಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ 2024ರ ಜುಲೈಯಲ್ಲಿ ಸಂಪುಟ ಒಪ್ಪಿಗೆ ಕೊಟ್ಟು, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅದರಲ್ಲಿ ಸ್ಥಳೀಯ ಎನ್ನಿಸಿಕೊಳ್ಳಲು ಕನ್ನಡ ಓದಿ ಬರೆಯಲು ಬಂದರೆ ಸಾಲದು, ಕರ್ನಾಟಕದಲ್ಲೇ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು ಎಂದಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಆದರೆ ಹುಟ್ಟಿದ್ದು ಗಡಿಯಿಂದ ನಾಲ್ಕು ಕಿಲೋಮೀಟರ್ ಆಚೆ ಎಂಬವರು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಲ್ಲಿ ತಮಿಳುನಾಡಿನಲ್ಲಿ ಸರಕಾರಿ ನೌಕರಿಗೆ ತಮಿಳು ಪತ್ರಿಕೆ ಪಾಸಾಗಬೇಕು. ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಆದರೆ ಕಾರ್ಖಾನೆಯ ಲೆಕ್ಕ ಬೇರೆ. ಹೊಸೂರಿನ ಶಾಪ್‌ಫ್ಲೋರಿನಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ನಡೆಯುತ್ತವೆ, ಈಚೆಗೆ ಬಿಹಾರ, ಒಡಿಶಾ ಕಡೆಯವರೂ ಬಂದಿರುವುದರಿಂದ ಹಿಂದಿಯೂ ಸೇರಿದೆ. ಮೂರು ಭಾಷೆಯಲ್ಲಿ ಕೆಲಸ ವಿವರಿಸಬಲ್ಲ ಹುಡುಗ ಸೂಪರ್‌ವೈಸರಿಗೆ ಬೇಕಾದ ಮನುಷ್ಯ. ಬೆಂಗಳೂರಿನ ಕಂಪನಿಗಾದರೆ ಹೊಸೂರು ಕಡೆಯ ಗಿರಾಕಿಗಳ ಹತ್ತಿರ ತಮಿಳಿನಲ್ಲಿ, ಸ್ಥಳೀಯ ಕಚೇರಿಗಳಲ್ಲಿ ಕನ್ನಡದಲ್ಲಿ ಮಾತನಾಡಬಲ್ಲವನು ಸಿಕ್ಕಂತಾಯಿತು. ಗಡಿಯವರಿಗೆ ಇದು ಹುಟ್ಟಿನಿಂದ ಬಂದದ್ದಾದ್ದರಿಂದ ಅದರ ಬೆಲೆ ಅವರಿಗೇ ತಿಳಿಯುವುದಿಲ್ಲ.

"ನೀವು ತಮಿಳುನಾಡಲ್ವಾ, ಕನ್ನಡ ಹೇಗೆ ಬರುತ್ತೆ?" ಎಂದು ಬೆಂಗಳೂರಿನಲ್ಲಿ ಕೇಳುವುದು ಸಾಮಾನ್ಯ. "ಮನೆ ಮಾತು ಕನ್ನಡ ಸಾರ್, ಹತ್ತರವರೆಗೆ ಓದಿದ್ದೂ ಕನ್ನಡದಲ್ಲೇ. ಊರು ಗಡಿಯಲ್ಲಿದೆ, ತಮಿಳೂ ಬರುತ್ತೆ" ಎಂದರೆ ಮುಗಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆದ ಅನ್ಯಾಯದ ಭಾಷಣ ಅಲ್ಲಿ ಶುರು ಮಾಡಬಾರದು. ಅದಕ್ಕೆ ರಾಜ್ಯೋತ್ಸವದ ವೇದಿಕೆ ಇದೆ.

ಯಾವ ಭಾಷೆಯಲ್ಲಿ ಶುರು ಮಾಡಬೇಕು ಎನ್ನುವುದಕ್ಕೆ ಸುಲಭದ ದಾರಿ, ಕೇಳಿದವರ ಭಾಷೆಯಲ್ಲೇ ಉತ್ತರ ಕೊಡುವುದು. ತಮಿಳಿನಲ್ಲಿ ಕೇಳಿದರೆ ತಮಿಳು. ಉಚ್ಚಾರಣೆಯಲ್ಲಿ ಕನ್ನಡದ ವಾಸನೆ ಬಂದರೆ ಬರಲಿ, ಹೊಸೂರಿನಲ್ಲಿ ಅದು ಯಾರಿಗೂ ಹೊಸದಲ್ಲ. ಇಂಗ್ಲಿಷಿನಲ್ಲಿ ಕೇಳಿದಾಗ ಬರದಿದ್ದರೆ ಶುರುವಿನಲ್ಲೇ "ಸಾರ್, ತಮಿಳಲ್ಲಿ ಹೇಳಬಹುದಾ?" ಎಂದು ಕೇಳಿಬಿಡುವುದು ವಾಸಿ. ಮೂರು ವಾಕ್ಯ ಇಂಗ್ಲಿಷಿನಲ್ಲಿ ತಡವರಿಸಿ, ಬೆವರಿ, ಆಮೇಲೆ ಕೇಳಿದರೆ ಸೋತು ಕೇಳಿದಂತಾಗುತ್ತದೆ. ಇಂಗ್ಲಿಷ್ ಮಾತು ಬೇಕೇಬೇಕಾದ ಕೆಲಸವಾಗಿದ್ದರೆ ಹೇಗೂ ಸಿಗುವುದಿಲ್ಲ. ಬೇಡದ ಕೆಲಸವಾಗಿದ್ದರೆ ಕೇಳಿದ್ದರಿಂದ ನಷ್ಟವಿಲ್ಲ.

ಗೇಟಿನಿಂದ ಕುರ್ಚಿಯವರೆಗೆ

ಬಟ್ಟೆಬರೆಯ ಬಗ್ಗೆ ಬೇಕಾದಷ್ಟು ಜನ ಬೇಕಾದಷ್ಟು ಹೇಳಿದ್ದಾರೆ. ಕೋಟು, ಟೈ ಫಿಟ್ಟರನಿಗೆ ಬೇಡ. ಒಗೆದು ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಕಾಲಿಗೆ ಶೂ ಸಾಕು. ಹುಡುಗಿಯರಿಗೆ ಚೂಡಿದಾರ್, ಪಿನ್ ಹಾಕಿದ ದುಪಟ್ಟಾ. ಮೆಷಿನ್ ಕೆಲಸದವರು ನೋಡುವುದು ಇನ್ನೊಂದನ್ನು. ಕೈಯಲ್ಲಿ ದಪ್ಪನೆಯ ಕಡಗ, ಸಡಿಲ ದಾರಗಳು, ಇಳಿಬಿದ್ದ ತೋಳು ಕಂಡರೆ ಅವರ ಕಣ್ಣಿಗೆ ಮೊದಲು ಬರುವುದು ಲೇತಿಗೆ ಸಿಕ್ಕಿಹಾಕಿಕೊಳ್ಳುವ ಕೈ. ಅದು ಅವರ ವೃತ್ತಿಯ ಭಯ.

ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಇನ್ನೊಂದು ಸಮಸ್ಯೆ. ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಬಟ್ಟೆ, ಗಡ್ಡ, ಬರಿಗಾಲಿನಲ್ಲಿ ಸಂದರ್ಶನಕ್ಕೆ ಹೋಗಬೇಕಾಗುತ್ತದೆ. ಈ ಕಡೆಯ ಕಂಪನಿಗಳವರಿಗೆ ಇದು ಗೊತ್ತಿರುವ ವಿಷಯವೇ, ಆದರೂ ಹೊರಗಿನಿಂದ ಬಂದ ಅಧಿಕಾರಿ ಇರಬಹುದು. ಫೋನಿನಲ್ಲೇ "ಮಾಲೆ ಹಾಕಿದ್ದೀನಿ, ಇಂಥ ದಿನ ಬಿಚ್ಚುತ್ತೀನಿ, ಆಮೇಲೆ ಸೇಫ್ಟಿ ಶೂ ಹಾಕೋಕೆ ತೊಂದರೆ ಇಲ್ಲ" ಎಂದು ತಿಳಿಸಿದರೆ ಆಯಿತು.

ಗೇಟಿನ ಸೆಕ್ಯೂರಿಟಿಯವರನ್ನು ಕಡೆಗಣಿಸುವವರು ಬಹಳ. ರಿಜಿಸ್ಟರಿನಲ್ಲಿ ಹೆಸರು ಬರೆಸುವುದು, ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುವುದು, ಪಾಸ್ ಕೊಡುವುದು ಅವರೇ. ಅವರ ಹತ್ತಿರ ಜಗಳ ಮಾಡಿದ ಸುದ್ದಿ ಅಭ್ಯರ್ಥಿಗಿಂತ ಮೊದಲು ಒಳಗೆ ಹೋಗಿರುತ್ತದೆ. ಅಂಚೆಟ್ಟಿ ಕಡೆಯಿಂದ ಎರಡು ಬಸ್ ಹಿಡಿದು ಬರುವವರು ಒಂದು ಬಸ್ ಮುಂಚೆ ಹೊರಡುವುದೇ ಕ್ಷೇಮ. ಅತ್ತಿಬೆಲೆಯ ಟ್ರಾಫಿಕ್ ಯಾರ ಮಾತನ್ನೂ ಕೇಳುವುದಿಲ್ಲ. ಆದರೂ ತಡವಾಗುತ್ತದೆ ಎಂದು ಗೊತ್ತಾದರೆ ತಲುಪಿದ ಮೇಲೆ ಕಾರಣ ಹೇಳುವುದಕ್ಕಿಂತ ದಾರಿಯಿಂದಲೇ ಫೋನ್ ಮಾಡಬೇಕು.

ಒಳಗೆ ಎಚ್‌ಆರ್ ಪಕ್ಕದಲ್ಲಿ ಸಾಮಾನ್ಯವಾಗಿ ಶಾಪ್‌ಫ್ಲೋರಿನ ಒಬ್ಬರು ಕುಳಿತಿರುತ್ತಾರೆ. ತೀರ್ಮಾನ ಹೆಚ್ಚಾಗಿ ಅವರದೇ. ಅವರ ಮೊದಲ ಪ್ರಶ್ನೆ ತೀರಾ ಸುಲಭದ್ದಾಗಿರುತ್ತದೆ, ಅದಕ್ಕೇ ಅದರಲ್ಲಿ ಎಡವಿದರೆ ಮೇಲೇಳುವುದು ಕಷ್ಟ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಲೀಸ್ಟ್ ಕೌಂಟ್ ಕೇಳುತ್ತಾರೆ. ಸಾಮಾನ್ಯ ವರ್ನಿಯರಿನಲ್ಲಿ 0.02 ಮಿಲಿಮೀಟರ್, ಮೈಕ್ರೋಮೀಟರಿನಲ್ಲಿ 0.01. ಎಂ10 ಟ್ಯಾಪ್ ಹಾಕಲು ಎಷ್ಟರ ಡ್ರಿಲ್ ಎಂದು ಕೇಳಿದರೆ, ಪಿಚ್ 1.5 ಇರುವ ಸಾಧಾರಣ ಥ್ರೆಡ್ಡಿಗೆ 8.5. ಎಲೆಕ್ಟ್ರೀಷಿಯನ್ ಆದರೆ ಮೂರು ಫೇಸಿನ ಬಣ್ಣ ಕೇಳಬಹುದು: ಕೆಂಪು, ಹಳದಿ, ನೀಲಿ. ನ್ಯೂಟ್ರಲ್ ಕಪ್ಪು, ಅರ್ಥಿಂಗ್ ಹಸಿರು. ಐಟಿಐ ಮುಗಿಸಿ ಎರಡು ವರ್ಷವಾದವರು ಹಳೆಯ ನೋಟ್ ಪುಸ್ತಕವನ್ನು ಹಿಂದಿನ ದಿನ ಒಂದು ಗಂಟೆ ತಿರುವಿಹಾಕಿದರೂ ಇಷ್ಟು ನೆನಪಿಗೆ ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಹುದು, ಆದರೆ ತನ್ನ ಟ್ರೇಡಿನ ಮೊದಲ ಪಾಠವೇ ಗೊತ್ತಿಲ್ಲ ಎಂದರೆ ಪ್ರಾಮಾಣಿಕತೆಗೆ ಮಾರ್ಕು ಸಿಗುವುದಿಲ್ಲ.

ಹೆಣ್ಣುಮಕ್ಕಳಿಗೆ ಕೇಳುವ ಪ್ರಶ್ನೆ

ಎಲೆಕ್ಟ್ರಾನಿಕ್ಸ್ ಮತ್ತು ಗಾರ್ಮೆಂಟ್ಸ್ ಕಾರ್ಖಾನೆಗಳು ಹೆಣ್ಣುಮಕ್ಕಳನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತಿರುವುದರಿಂದ ಈಗ ಫೈಲ್ ಹಿಡಿದು ನಿಲ್ಲುವವರಲ್ಲಿ ಅವರೂ ಬಹಳ. "ಮದುವೆ ಯಾವಾಗ?" ಎಂಬ ಪ್ರಶ್ನೆ ಅವರಿಗೆ ಮಾತ್ರ ಬರುತ್ತದೆ. ನೇಮಕಾತಿಯಲ್ಲಿ ಗಂಡು ಹೆಣ್ಣೆಂಬ ತಾರತಮ್ಯ ಕೂಡದೆಂದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ಆದರೂ ಕೇಳುತ್ತಾರೆ. ಕೆಲಸ ಬೇಕಾದ ಹುಡುಗಿ ಅಲ್ಲಿ ಕಾನೂನು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ನಾಚಿ ತಲೆ ತಗ್ಗಿಸಿದರೆ "ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾಳೆ" ಎಂದು ಬರೆದುಕೊಳ್ಳುತ್ತಾರೆ. "ಮನೆಯಲ್ಲಿ ಮಾತಾಡಿದ್ದೀನಿ ಸಾರ್, ಕೆಲಸ ಬಿಡೋ ಯೋಚನೆ ಇಲ್ಲ. ಶಿಫ್ಟ್ ಬಸ್ಸು ನಮ್ಮೂರ ಕ್ರಾಸಿಗೆ ಬರುತ್ತಾ?" ಎಂದು ಕೇಳಿದರೆ ಮಾತು ಮದುವೆಯಿಂದ ಬಸ್ಸಿನ ಕಡೆಗೆ ತಿರುಗುತ್ತದೆ. ಬಸ್ಸಿನ ವಿಷಯ ಹೇಗೂ ಕೇಳಲೇಬೇಕಾದದ್ದು. ರಾತ್ರಿ ಪಾಳಿಯಿದ್ದರೆ ಮನೆಯ ಬಾಗಿಲಿಗೋ ಮುಖ್ಯರಸ್ತೆಗೋ, ಹಾಸ್ಟೆಲ್ ಇದ್ದರೆ ಅದರ ಹಣ ಸಂಬಳದಲ್ಲಿ ಹಿಡಿಯುತ್ತಾರೋ ಹೇಗೆ ಎಂದು ಅಂದೇ ಕೇಳಿ ತಿಳಿದುಕೊಳ್ಳದೆ ಆಮೇಲೆ ಅತ್ತವರಿದ್ದಾರೆ.

ಅಭ್ಯರ್ಥಿಗೂ ಕಂಪನಿಯ ಬಗ್ಗೆ ಒಂದು ಮೊದಲ ಅಭಿಪ್ರಾಯ ಬರಬೇಕಾದದ್ದೇ. ಟ್ರೈನಿಂಗ್ ಫೀಸು, ಯೂನಿಫಾರ್ಮ್ ಡೆಪಾಸಿಟ್ ಎಂದು ಮೊದಲೇ ದುಡ್ಡು ಕೇಳಿದರೆ, ಸಂದರ್ಶನ ಕಂಪನಿಯ ಗೇಟಿನೊಳಗೆ ನಡೆಯದೆ ಲಾಡ್ಜಿನಲ್ಲೋ ಅಂಗಡಿ ಮೇಲಿನ ಕೋಣೆಯಲ್ಲೋ ನಡೆದರೆ, ಮೂಲ ಮಾರ್ಕ್ಸ್‌ಕಾರ್ಡ್ ನಮ್ಮ ಹತ್ತಿರವೇ ಇರಲಿ ಎಂದರೆ ಎದ್ದು ಬರುವುದೇ ಸರಿ. ಮೂಲ ಕಾಗದವನ್ನು ತೋರಿಸಿ ವಾಪಸ್ ಪಡೆಯಬೇಕು, ಕೊಟ್ಟು ಬರುವುದು ಜೆರಾಕ್ಸ್ ಮಾತ್ರ.

ಫೋನಿನಲ್ಲೇ ಮೊದಲ ಭೇಟಿ

ಈಗ ಅನೇಕ ಕಂಪನಿಗಳ ಮೊದಲ ಸುತ್ತು ಫೋನಿನಲ್ಲೇ ನಡೆಯುತ್ತದೆ. ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ, ಹುಡುಗ ಟ್ರಾಕ್ಟರ್ ಮೇಲೆ ಇರುತ್ತಾನೆ, "ಯಾರ್ರೀ?" ಎಂದು ಕೂಗುತ್ತಾನೆ. ಅಲ್ಲಿಗೆ ಮೊದಲ ಭೇಟಿ ಮುಗಿಯಿತು. ಅರ್ಜಿ ಹಾಕಿದ ದಿನಗಳಲ್ಲಿ ಗೊತ್ತಿಲ್ಲದ ನಂಬರನ್ನು ಎಚ್ಚರದಿಂದ ತೆಗೆಯಬೇಕು. ಸದ್ದಿನಲ್ಲಿದ್ದರೆ "ಹತ್ತು ನಿಮಿಷದಲ್ಲಿ ನಾನೇ ಮಾಡ್ತೀನಿ ಮೇಡಂ" ಎಂದು ಹೇಳಿ, ಹೇಳಿದಂತೆ ಮಾಡಬೇಕು. ಕರೆ ಮಾಡಿದವರ ಹೆಸರು, ಕಂಪನಿ, ದಿನ, ಗಂಟೆ, ಯಾವ ಗೇಟು ಎಂದು ಆಗಲೇ ಬರೆದುಕೊಳ್ಳಬೇಕು. ಮೂರು ಕಡೆ ಅರ್ಜಿ ಹಾಕಿ ಯಾವ ಕಂಪನಿಗೆ ಹೋಗುತ್ತಿದ್ದೇನೆ ಎಂದೇ ತಿಳಿಯದೆ ಹೋಗುವವರೂ ಉಂಟು. ವಿಡಿಯೋ ಸಂದರ್ಶನವಾದರೆ ನೆಟ್‌ವರ್ಕ್ ಸಿಗುವ ಜಾಗ ಹಿಂದಿನ ದಿನವೇ ನೋಡಿಕೊಂಡಿರಬೇಕು, ಅದು ಮನೆಯ ಮಹಡಿಯೋ ಊರ ಮುಂದಿನ ಶಾಲೆಯ ಜಗಲಿಯೋ ಆದರೂ ಸರಿ.

ಹೊರಡುವಾಗ "ಯಾವಾಗ ತಿಳಿಸ್ತೀರಾ ಸಾರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಂದು ವಾರ ಎಂದಿದ್ದರೆ ಎಂಟನೆಯ ದಿನ ಒಂದು ಕರೆ ಮಾಡಬಹುದು, ದಿನಕ್ಕೆ ಮೂರು ಬೇಡ. ಆ ವಾರದಲ್ಲಿ ಬಯೋಡೇಟಾದಲ್ಲಿ ಕೊಟ್ಟ ನಂಬರಿನ ಸಿಮ್ಮೇ ಫೋನಿನಲ್ಲಿ ಇರಬೇಕು, ರೀಚಾರ್ಜೂ ಇರಬೇಕು. ವ್ಯಾಲಿಡಿಟಿ ಮುಗಿದ ಕೆಲವು ದಿನಕ್ಕೆ ಒಳಬರುವ ಕರೆಯೂ ನಿಂತುಹೋಗುತ್ತದೆ. ಕಂಪನಿಯವರು ಎರಡು ಸಲ ಪ್ರಯತ್ನಿಸಿ, ಪಟ್ಟಿಯಲ್ಲಿ ಕೆಳಗಿರುವ ಹೆಸರಿಗೆ ಫೋನ್ ಮಾಡುತ್ತಾರೆ.